ಕಾಯುವಿಕೆಯ ಹಂಚಿಕೆ: ರೂಟರಿನ ಸಾಲುಗಳನ್ನು ಕುರಿತ ಸಂವಾದ

ಗ್ರಂಥಪಾಲಕಿ: ಕಾಲೇಜಿನ ಗ್ರಂಥಾಲಯ, ಕಚೇರಿ, ವಿದ್ಯಾರ್ಥಿ ನಿಲಯ ಮೂರೂ ಒಂದೇ ಅಂತರ್ಜಾಲ ಸಂಪರ್ಕವನ್ನು ಹಂಚಿಕೊಂಡಿರುವಲ್ಲಿ, ಸಂಜೆಯ ಹೊತ್ತಿಗೆ ನಿಲಯದ ಬಳಕೆ ಏರಿ, ಗ್ರಂಥಾಲಯದ ಆನ್‌ಲೈನ್ ಪಾಠಗಳಲ್ಲಿ ಮಾತು ಕಡಿದು ಕಡಿದು ಕೇಳಿಸುವುದು ಸಾಮಾನ್ಯವಾದ ದೂರು. ರೂಟರಿನಲ್ಲಿ ಪ್ಯಾಕೆಟ್‌ಗಳಿಗೆ ಗುರುತು ಹಾಕಿ, ಮುಖ್ಯವಾದವುಗಳನ್ನು ಮುಂದಿನ ಸಾಲಿಗೆ ಕಳಿಸಿದರೆ ಈ ತೊಂದರೆ ನೀಗುತ್ತದೆಂದು ಹೇಳುತ್ತಾರೆ. ಅದು ನಿಜವಾದರೆ ಹೆಚ್ಚು ವೇಗದ ಸಂಪರ್ಕಕ್ಕೆ ದುಡ್ಡು ತೆರುವ ಅಗತ್ಯವೇ ಇಲ್ಲವಲ್ಲ, ಸರ್?

ಜಾಲತಜ್ಞ: ಆದ್ಯತೆಯಿಂದ ವೇಗ ಹುಟ್ಟುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಅಂತರ್ಜಾಲದಲ್ಲಿ ಮಾತು, ಚಿತ್ರ, ಕಡತ ಎಲ್ಲವೂ ಪ್ಯಾಕೆಟ್ ಎಂಬ ಚಿಕ್ಕ ತುಣುಕುಗಳಾಗಿ ಸಾಗುತ್ತವೆ. ಹೊರಡುವ ದಾರಿಯಲ್ಲಿ ಒಂದು ಕ್ಷಣಕ್ಕೆ ಒಂದೇ ಪ್ಯಾಕೆಟ್ ಹೋಗಬಲ್ಲದಾದ್ದರಿಂದ, ಹೊರಡುವ ವೇಗಕ್ಕಿಂತ ಬರುವ ವೇಗ ಹೆಚ್ಚಾದಾಗಲೆಲ್ಲ ಉಳಿದವು ರೂಟರಿನ ಮೆಮೊರಿಯಲ್ಲಿ ಮೀಸಲಾದ ಜಾಗದಲ್ಲಿ, ಅಂದರೆ ಬಫರಿನಲ್ಲಿ, ಸಾಲುಗಟ್ಟಿ ನಿಲ್ಲುತ್ತವೆ. ದೇವಸ್ಥಾನದಲ್ಲಿ ವಿಶೇಷ ದರ್ಶನದ ಸಾಲು ತೆರೆದ ಮಾತ್ರಕ್ಕೆ ಗರ್ಭಗುಡಿಯ ಬಾಗಿಲು ಅಗಲವಾಗದಿರುವಂತೆ, ಒಂದು ಬಗೆಯ ಪ್ಯಾಕೆಟ್‌ಗಳನ್ನು ಮುಂದಕ್ಕೆ ಕರೆದರೆ ಸಂಪರ್ಕದ ಸಾಮರ್ಥ್ಯ ಒಂದು ಬಿಟ್‌ನಷ್ಟೂ ಹೆಚ್ಚುವುದಿಲ್ಲ. ಅವು ಕಾಯಬೇಕಿದ್ದ ಹೊತ್ತನ್ನು ಉಳಿದವು ಕಾಯುತ್ತವೆ. ರೂಟರಿನಲ್ಲಿ ಬರೆಯುವ ಆದ್ಯತೆಯ ನಿಯಮಗಳೆಲ್ಲವೂ ಕೊನೆಗೆ ಕಾಯುವಿಕೆಯನ್ನು ಹಂಚುವ ನಿಯಮಗಳೇ.

ಗ್ರಂಥಪಾಲಕಿ: ಹಂಚುವುದಷ್ಟೇ ಆಗಿದ್ದರೆ, ಒಬ್ಬರಿಗಾದ ಲಾಭ ಇನ್ನೊಬ್ಬರಿಗೆ ಅಷ್ಟೇ ನಷ್ಟವಾಗಬೇಕು. ಆಗ ಇಷ್ಟು ಶ್ರಮಪಡುವುದರಲ್ಲಿ ಏನು ಅರ್ಥವಿದೆ?

ಜಾಲತಜ್ಞ: ಅರ್ಥವಿರುವುದು ಪಾಲುಗಳು ಸಮನಾಗಿಲ್ಲದಿರುವುದರಲ್ಲಿ. ಸಾಲುಗಳ ಗಣಿತದಲ್ಲಿ ಲಿಯೊನಾರ್ಡ್ ಕ್ಲೈನ್‌ರಾಕ್ 1965ರಲ್ಲಿ ನಿರೂಪಿಸಿದ ಸಂರಕ್ಷಣಾ ನಿಯಮವೊಂದಿದೆ. ಕೆಲಸವಿರುವಾಗ ಸುಮ್ಮನೆ ಕೂರದ ಯಾವುದೇ ಸಾಲಿನಲ್ಲಿ, ಪ್ರತಿ ವರ್ಗದ ಸರಾಸರಿ ಕಾಯುವಿಕೆಯನ್ನು ಆ ವರ್ಗ ಬಳಸುವ ಸಾಮರ್ಥ್ಯದ ಪಾಲಿನಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವು, ಯಾರನ್ನು ಮೊದಲು ಕಳಿಸಿದರೂ ಬದಲಾಗುವುದಿಲ್ಲ ಎಂಬುದು ಅದರ ತಿರುಳು. ಈಗ ಹೊರಹೋಗುವ ದಿಕ್ಕಿನಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಸಾಮರ್ಥ್ಯವಿರುವ ಒಂದು ಸಂಪರ್ಕವನ್ನು ಊಹಿಸಿಕೊಳ್ಳಬಹುದು. ಹಳೆಯ ದೂರವಾಣಿ ಗುಣಮಟ್ಟದ ಜಿ.711 ಸಂಕೇತನದಲ್ಲಿ ಪ್ರತಿ 20 ಮಿಲಿಸೆಕೆಂಡಿನ ಮಾತು 160 ಬೈಟ್ ಆಗುತ್ತದೆ. ವಿಳಾಸ ಮೊದಲಾದ ವಿವರಗಳನ್ನು ಹೊತ್ತ 40 ಬೈಟ್‌ಗಳ ಹೆಡರ್ ಸೇರಿ ಒಂದೊಂದು ಪ್ಯಾಕೆಟ್ 200 ಬೈಟ್ ತೂಗುತ್ತದೆ. ಸೆಕೆಂಡಿಗೆ ಅಂಥ 50 ಹೊರಡುವುದರಿಂದ ಒಂದು ಕರೆಗೆ 80 ಕಿಲೊಬಿಟ್ ಸಾಕು. ಏಕಕಾಲಕ್ಕೆ ಐದು ಕರೆಗಳು ನಡೆದರೂ ಸಾಮರ್ಥ್ಯದ ನೂರಕ್ಕೆ 4 ಪಾಲು ಮಾತ್ರ ಖರ್ಚಾಗುತ್ತದೆ. ಉಳಿದ ಬಳಕೆ ನೂರಕ್ಕೆ 76 ಎಂದಿಟ್ಟುಕೊಂಡರೆ, ಎರಡರ ಅನುಪಾತ 1ಕ್ಕೆ 19. ಅಂದಮೇಲೆ ಧ್ವನಿಯ ಕಾಯುವಿಕೆಯನ್ನು 95 ಮಿಲಿಸೆಕೆಂಡಿನಷ್ಟು ಇಳಿಸಿದರೆ ಉಳಿದವುಗಳ ಕಾಯುವಿಕೆ ಸರಾಸರಿ 5 ಮಿಲಿಸೆಕೆಂಡ್ ಮಾತ್ರ ಏರುತ್ತದೆ. ಕಡತವೊಂದನ್ನು ಕಳಿಸುತ್ತಿರುವವರಿಗೆ ಆ 5 ಮಿಲಿಸೆಕೆಂಡ್ ಗೊತ್ತೇ ಆಗುವುದಿಲ್ಲ, ಮಾತನಾಡುತ್ತಿರುವವರಿಗೆ ಆ 95 ಮಿಲಿಸೆಕೆಂಡ್ ಸ್ಪಷ್ಟವಾಗಿ ಕೇಳಿಸುತ್ತದೆ.

ಗ್ರಂಥಪಾಲಕಿ: ಪಾಠಗಳ ವಿಡಿಯೊವನ್ನೂ ಅದೇ ಮುಂದಿನ ಸಾಲಿಗೆ ಸೇರಿಸಬೇಕೆಂದು ಅಧ್ಯಾಪಕರು ಕೇಳುವುದು ಖಂಡಿತ.

ಜಾಲತಜ್ಞ: ಕೇಳುತ್ತಾರೆ, ಕಚೇರಿಯವರು ಲೆಕ್ಕಪತ್ರದ ತಂತ್ರಾಂಶಕ್ಕೆ, ಪರೀಕ್ಷಾ ವಿಭಾಗದವರು ಅಂಕಪಟ್ಟಿಗೆ ಕೇಳುತ್ತಾರೆ. ಅದೇ ನಿಯಮವನ್ನು ತಿರುಗಿಸಿ ನೋಡಬೇಕು. ಆದ್ಯತೆ ಪಡೆದ ವರ್ಗವೇ ಸಾಮರ್ಥ್ಯದ ನೂರಕ್ಕೆ 60ನ್ನು ಬಳಸುತ್ತಿದ್ದು, ಹಿಂದೆ ಉಳಿದವರು 20 ಬಳಸುತ್ತಿದ್ದರೆ, ಮುಂದಿನವರಿಗೆ 10 ಮಿಲಿಸೆಕೆಂಡ್ ಉಳಿಸಲು ಹಿಂದಿನವರು 30 ಮಿಲಿಸೆಕೆಂಡ್ ತೆರಬೇಕಾಗುತ್ತದೆ. ಇದು ಸಾಮರ್ಥ್ಯ ಇನ್ನೂ ಉಳಿದಿರುವಾಗಿನ ಲೆಕ್ಕ. ಬೇಡಿಕೆ ಸಾಮರ್ಥ್ಯವನ್ನೇ ಮೀರಿದಾಗ, ಮೇಲಿನ ವರ್ಗ ಬರಿದಾಗುವವರೆಗೆ ಕೆಳಗಿನದನ್ನು ಮುಟ್ಟದ ಕಟ್ಟುನಿಟ್ಟಾದ ಆದ್ಯತೆಯಲ್ಲಿ ಹಿಂದಿನವರಿಗೆ ಏನೂ ಸಿಗದೆಯೂ ಹೋಗಬಹುದು. ಮುಂದಿನ ಸಾಲಿನಲ್ಲಿರುವವರು ಕಡಿಮೆ ಇರುವವರೆಗೆ ಮಾತ್ರ ಆ ಸಾಲಿಗೆ ಬೆಲೆ. ಪಟ್ಟಿ ಉದ್ದವಾದಷ್ಟೂ ಅದು ಆರಂಭದ ಒಂದೇ ಸಾಲಿನ ಸ್ಥಿತಿಗೆ ಮರಳುತ್ತದೆ, ನಡುವೆ ಬರೆದ ನಿಯಮಗಳ ಗೊಂದಲ ಮಾತ್ರ ಹೆಚ್ಚಿಗೆ ಉಳಿಯುತ್ತದೆ.

ಗ್ರಂಥಪಾಲಕಿ: ಧ್ವನಿಯೊಂದಕ್ಕೇ ಆದ್ಯತೆ ಕೊಟ್ಟು, ನಿಯಮಗಳನ್ನು ಸರಿಯಾಗಿಯೇ ಬರೆದರೂ ಎಷ್ಟೋ ಕಡೆ ಏನೂ ಬದಲಾಗುವುದಿಲ್ಲ. ಅದಕ್ಕೆ ಕಾರಣವೇನು?

ಜಾಲತಜ್ಞ: ಸಾಲು ಇರುವ ಜಾಗವೇ ಬೇರೆ, ನಿಯಮ ಇರುವ ಜಾಗವೇ ಬೇರೆ ಆಗಿರುವುದು. ರೂಟರಿನಿಂದ ಮೋಡೆಮ್‌ಗೆ ಹೋಗುವ ಕೇಬಲ್ ಸಾಮಾನ್ಯವಾಗಿ ಸೆಕೆಂಡಿಗೆ 1 ಗಿಗಾಬಿಟ್‌ನದು, ಮೋಡೆಮ್‌ನಿಂದ ಆಚೆಗಿನ ದಾರಿ 10 ಮೆಗಾಬಿಟ್‌ನದು. ರೂಟರ್ ತನಗೆ ಬಂದುದನ್ನೆಲ್ಲ ಕ್ಷಣಮಾತ್ರದಲ್ಲಿ ಮೋಡೆಮ್‌ಗೆ ದಾಟಿಸಿ ನಿರಾಳವಾಗುತ್ತದೆ. ಅದರ ಸಾಲು ಸದಾ ಖಾಲಿ ಇರುವುದರಿಂದ ಅಲ್ಲಿ ಯಾರನ್ನು ಮುಂದೆ ಕರೆಯಲೂ ಯಾರೂ ನಿಂತಿರುವುದಿಲ್ಲ. ನಿಜವಾದ ಸಾಲು ಬೆಳೆಯುವುದು ಮೋಡೆಮ್‌ನ ಒಳಗೆ, ಅಲ್ಲಿ ಬಂದ ಕ್ರಮದಲ್ಲೇ ಹೊರಡುವ ಒಂದೇ ಸಾಲಿದ್ದು, ಹೊರಗಿನವರು ಅದರೊಳಗೆ ಕೈಯಾಡಿಸುವಂತಿಲ್ಲ. ಆ ಬಫರ್ 10 ಲಕ್ಷ ಬೈಟ್‌ಗಳದ್ದಾಗಿದ್ದರೆ ಅದರಲ್ಲಿ 80 ಲಕ್ಷ ಬಿಟ್‌ಗಳು ತುಂಬುತ್ತವೆ. 10 ಮೆಗಾಬಿಟ್ ವೇಗದಲ್ಲಿ ಅವು ಖಾಲಿಯಾಗಲು 800 ಮಿಲಿಸೆಕೆಂಡ್ ಬೇಕು. ಯಾರೋ ಒಬ್ಬರು ಫೋಟೊಗಳ ಬ್ಯಾಕಪ್ ಆರಂಭಿಸಿ ಆ ಬಫರನ್ನು ತುಂಬಿಸಿದರೆಂದರೆ, ಎಲ್ಲರ ಪ್ರತಿಯೊಂದು ಪ್ಯಾಕೆಟ್ಟೂ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚು ಕಾಯಬೇಕಾಗುತ್ತದೆ. ಸಂಭಾಷಣೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಮೆಮೊರಿ ಅಗ್ಗವಾದಂತೆ ತಯಾರಕರು ಪ್ಯಾಕೆಟ್ ಕಳೆದುಹೋಗಬಾರದೆಂಬ ಸದುದ್ದೇಶದಿಂದಲೇ ಬಫರ್‌ಗಳನ್ನು ಹಿಗ್ಗಿಸುತ್ತ ಹೋದರು. ಅದರಿಂದ ಹುಟ್ಟಿದ ಈ ರೋಗಕ್ಕೆ ಜಿಮ್ ಗೆಟಿಸ್ ಅವರು ಬಫರ್‌ಬ್ಲೋಟ್ ಎಂದು ಹೆಸರಿಟ್ಟು ಎಲ್ಲರ ಗಮನ ಸೆಳೆದರು.

ಗ್ರಂಥಪಾಲಕಿ: ಮೋಡೆಮ್‌ನ ಒಳಗಿರುವ ಸಾಲನ್ನು ರೂಟರಿಗೆ ತರುವ ಉಪಾಯವಿದೆಯೆ?

ಜಾಲತಜ್ಞ: ಇದೆ, ಮತ್ತು ಇಡೀ ವಿದ್ಯೆಯಲ್ಲಿ ಅತಿ ಮುಖ್ಯವಾದ ಹೆಜ್ಜೆ ಅದೇ. ಸಂಪರ್ಕದ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ, ಈ ಉದಾಹರಣೆಯಲ್ಲಿ ಸೆಕೆಂಡಿಗೆ 9.5 ಮೆಗಾಬಿಟ್‌ನಲ್ಲಿ, ರೂಟರ್ ತಾನೇ ಪ್ಯಾಕೆಟ್‌ಗಳನ್ನು ಹೊರಬಿಡುವಂತೆ ಕಟ್ಟುಹಾಕಬೇಕು. ಆಗ ಮೋಡೆಮ್‌ಗೆ ಬಂದದ್ದು ಬಂದಂತೆ ಹೊರಟುಹೋಗಿ ಅಲ್ಲಿಯ ಬಫರ್ ಬರಿದಾಗಿಯೇ ಉಳಿಯುತ್ತದೆ, ಸಾಲು ರೂಟರಿನಲ್ಲಿ ಬೆಳೆಯುತ್ತದೆ, ಅಲ್ಲಿ ಬರೆದ ನಿಯಮಗಳಿಗೆ ಜೀವ ಬರುತ್ತದೆ. ಹೀಗೆ ಕಟ್ಟುಹಾಕಲು ಬಳಸುವ ಲೆಕ್ಕಕ್ಕೆ ಟೋಕನ್ ಬಕೆಟ್ ಎಂದು ಹೆಸರು: ನಿಗದಿತ ವೇಗದಲ್ಲಿ ಟೋಕನ್‌ಗಳು ಒಂದು ಖಾತೆಗೆ ಜಮೆಯಾಗುತ್ತಿರುತ್ತವೆ, ಪ್ರತಿ ಪ್ಯಾಕೆಟ್ ತನ್ನ ಬೈಟ್‌ಗಳ ಗಾತ್ರಕ್ಕೆ ತಕ್ಕಷ್ಟು ಟೋಕನ್ ತೆತ್ತು ಹೊರಡುತ್ತದೆ, ಟೋಕನ್ ಸಾಲದಿದ್ದರೆ ಕಾಯುತ್ತದೆ, ಖಾತೆಗೆ ಒಂದು ಮೇಲ್ಮಿತಿ ಇರುವುದರಿಂದ, ಬಳಕೆಯಿಲ್ಲದ ಹೊತ್ತಿನಲ್ಲಿ ಕೂಡಿಟ್ಟು ಆಮೇಲೆ ಒಮ್ಮೆಲೇ ನುಗ್ಗುವುದಕ್ಕೂ ಮಿತಿಯಿರುತ್ತದೆ. ನೂರಕ್ಕೆ ಐದರಷ್ಟು ವೇಗವನ್ನು ಬಿಟ್ಟುಕೊಡುವುದು ಅನೇಕರಿಗೆ ಒಪ್ಪಿಗೆಯಾಗದ ಮಾತು. ಆದರೆ ಆ ಐದನ್ನು ಬಿಟ್ಟುಕೊಡದವರು ಉಳಿದ ತೊಂಬತ್ತೈದರ ಮೇಲಿನ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ.

ಗ್ರಂಥಪಾಲಕಿ: ಇನ್ನು ಗುರುತಿನ ವಿಷಯ. ಸಾವಿರಾರು ಪ್ಯಾಕೆಟ್‌ಗಳ ನಡುವೆ ಇದು ಧ್ವನಿ, ಇದು ಬ್ಯಾಕಪ್ ಎಂದು ರೂಟರ್ ಹೇಗೆ ತಿಳಿಯುತ್ತದೆ?

ಜಾಲತಜ್ಞ: ಗುರುತುಗಳಲ್ಲಿ ಎರಡು ಜಾತಿ ಇದ್ದು, ಅವುಗಳನ್ನು ಬೆರೆಸಿಕೊಂಡರೆ ಎಷ್ಟೋ ದಿನಗಳ ಕೆಲಸ ವ್ಯರ್ಥವಾಗುತ್ತದೆ. ಮೊದಲನೆಯದು ಪ್ಯಾಕೆಟ್ಟಿನ ಹೆಡರಿನಲ್ಲೇ ಬರೆದಿರುವ, ಅದರ ಜೊತೆಗೆ ಪಯಣಿಸುವ ಗುರುತು. ಅಂತರ್ಜಾಲದ ಮೂಲ ನಿಯಮಾವಳಿಯಾದ ಐಪಿಯ 1981ರ ಮಾನಕದಲ್ಲೇ, ಅಂದರೆ ಆರ್‌ಎಫ್‌ಸಿ 791 ಎಂಬ ಕ್ರಮಾಂಕದ ದಾಖಲೆಯಲ್ಲೇ, ಸೇವೆಯ ಬಗೆಯನ್ನು ಸೂಚಿಸಲು ಒಂದು ಬೈಟ್ ಮೀಸಲಾಗಿತ್ತು. 1998ರ ಡಿಸೆಂಬರಿನಲ್ಲಿ ಬಂದ ಆರ್‌ಎಫ್‌ಸಿ 2474 ಆ ಬೈಟಿನ ಮೊದಲ ಆರು ಬಿಟ್‌ಗಳಿಗೆ ಹೊಸ ಅರ್ಥ ಕೊಟ್ಟಿತು. ಈ ಆರು ಬಿಟ್‌ಗಳ ಸಂಖ್ಯೆಯೇ ಡಿಎಸ್‌ಸಿಪಿ. ಆರು ಬಿಟ್‌ಗಳಲ್ಲಿ 64 ಬೆಲೆಗಳು ಹಿಡಿಯುತ್ತವೆ. ಅವುಗಳಲ್ಲಿ 0 ಎಂದರೆ ವಿಶೇಷವಿಲ್ಲದ ಸಾಮಾನ್ಯ ಸಂಚಾರ, 46 ಎಂದರೆ ಧ್ವನಿಯಂಥ ತಡೆಯಬಾರದ ಸಂಚಾರ, 1 ಎಂದರೆ ಬೇರೆ ಯಾರಿಗೂ ಬೇಡವಾದಾಗ ಮಾತ್ರ ಹೋದರೂ ನಡೆಯುವ, ಬ್ಯಾಕಪ್‌ನಂಥ ಹಿನ್ನೆಲೆಯ ಸಂಚಾರ. ಎರಡನೆಯ ಜಾತಿಯ ಗುರುತು ಪ್ಯಾಕೆಟ್ಟಿನ ಮೇಲೆ ಇರುವುದೇ ಇಲ್ಲ. ರೂಟರ್ ತನ್ನ ಮೆಮೊರಿಯಲ್ಲಿ ಆ ಪ್ಯಾಕೆಟ್ಟಿಗೆ ಎದುರಾಗಿ ಒಂದು ಚೀಟಿ ಇಟ್ಟುಕೊಳ್ಳುತ್ತದೆ. ಪ್ಯಾಕೆಟ್ ಹೊರಬಿದ್ದೊಡನೆ ಆ ಚೀಟಿ ಇಲ್ಲವಾಗುತ್ತದೆ. ಲಿನಕ್ಸ್ ಆಧಾರಿತ ರೂಟರ್‌ಗಳಲ್ಲಿ ಫೈರ್‌ವಾಲಿನ ಮ್ಯಾಂಗಲ್ ಎಂಬ ಕೋಷ್ಟಕದಲ್ಲಿ ಬರೆಯುವ ಪ್ಯಾಕೆಟ್ ಮಾರ್ಕ್ ಈ ಜಾತಿಯದು. ಅದನ್ನು ಮುಂದಿನ ರೂಟರ್ ನೋಡುತ್ತದೆಂದು ನಂಬಿ ಕುಳಿತರೆ ಏನೂ ಆಗುವುದಿಲ್ಲ.

ಗ್ರಂಥಪಾಲಕಿ: ಪ್ರತಿಯೊಂದು ಪ್ಯಾಕೆಟ್ಟನ್ನೂ ನಿಯಮಗಳ ಉದ್ದನೆಯ ಪಟ್ಟಿಯೊಡನೆ ಹೋಲಿಸುತ್ತ ಕುಳಿತರೆ ರೂಟರ್ ತಾನೇ ತಡವಾಗುವುದಿಲ್ಲವೆ?

ಜಾಲತಜ್ಞ: ಅದಕ್ಕಾಗಿಯೇ ಮೊದಲು ಇಡೀ ಸಂಪರ್ಕಕ್ಕೆ, ಅಂದರೆ ಎರಡು ಯಂತ್ರಗಳ ನಡುವೆ ನಡೆಯುವ ಒಂದು ಪೂರ್ಣ ವಿನಿಮಯಕ್ಕೆ, ಗುರುತು ಹಾಕುತ್ತಾರೆ. ವಿನಿಮಯದ ಮೊದಲ ಪ್ಯಾಕೆಟ್ ಬಂದಾಗ ವಿಳಾಸ, ಯಾವ ಸೇವೆಗೆಂದು ಸೂಚಿಸುವ ಪೋರ್ಟ್ ಸಂಖ್ಯೆ ಮೊದಲಾದವನ್ನು ಪರೀಕ್ಷಿಸಿ ಸಂಪರ್ಕದ ದಾಖಲೆಯಲ್ಲಿ ಗುರುತನ್ನು ಬರೆದಿಟ್ಟರೆ, ಆಮೇಲಿನ ಪ್ಯಾಕೆಟ್‌ಗಳಿಗೆ ಆ ದಾಖಲೆಯಿಂದ ನೇರವಾಗಿ ಗುರುತು ಇಳಿಯುತ್ತದೆ, ಹಿಂದಿರುಗಿ ಬರುವ ಉತ್ತರಗಳಿಗೂ ಅದೇ ಅನ್ವಯಿಸುತ್ತದೆ. ಇಲ್ಲಿ ಕಣ್ಣಿಟ್ಟು ನೋಡಬೇಕಾದ ಒಂದು ಸಂಗತಿಯಿದೆ. ಮೈಕ್ರೋಟಿಕ್ ರೂಟರ್‌ಗಳ ಫಾಸ್ಟ್‌ಟ್ರ್ಯಾಕ್‌ನಂಥ ಸೌಲಭ್ಯಗಳು ಸ್ಥಾಪಿತವಾದ ಸಂಪರ್ಕಗಳನ್ನು ಒಳದಾರಿಯಿಂದ ದಾಟಿಸಿ ಯಂತ್ರದ ಹೊರೆಯನ್ನು ಇಳಿಸುತ್ತವೆ. ಆ ಒಳದಾರಿ ಹಿಡಿದ ಪ್ಯಾಕೆಟ್‌ಗಳಿಗೆ ಮ್ಯಾಂಗಲ್ ನಿಯಮಗಳ ಗುರುತು ಬೀಳುವುದಿಲ್ಲ. ನಿಯಮದ ಎದುರು ಎಷ್ಟು ಪ್ಯಾಕೆಟ್ ಹಾದುಹೋದವೆಂದು ತೋರಿಸುವ ಎಣಿಕೆ ಇರುತ್ತದೆ. ಜೋರಾಗಿ ಡೌನ್‌ಲೋಡ್ ನಡೆಯುತ್ತಿರುವಾಗಲೂ ಆ ಎಣಿಕೆ ತೆವಳುತ್ತಿದ್ದರೆ, ನಿಯಮದ ಬರಹವನ್ನು ತಿದ್ದುವ ಮೊದಲು ಒಳದಾರಿ ತೆರೆದಿದೆಯೇ ಎಂದು ನೋಡುವುದು ಜಾಣತನ.

ಗ್ರಂಥಪಾಲಕಿ: ಹೆಡರಿನಲ್ಲಿ 46 ಎಂದು ಬರೆದುಕೊಂಡು ಬಂದವರಿಗೆಲ್ಲ ಮುಂದಿನ ಸಾಲು ಸಿಗುವುದಾದರೆ, ನಿಲಯದ ಜಾಣ ವಿದ್ಯಾರ್ಥಿಯೊಬ್ಬ ತನ್ನ ಚಲನಚಿತ್ರದ ಕಡತಕ್ಕೂ ಹಾಗೆಯೇ ಬರೆದುಕೊಳ್ಳಬಹುದಲ್ಲ?

ಜಾಲತಜ್ಞ: ಬರೆದುಕೊಳ್ಳಬಹುದು. ಡಿಎಸ್‌ಸಿಪಿ ಎಂಬುದು ಕಳಿಸುವವರ ಕೋರಿಕೆ. ಅದನ್ನು ಮನ್ನಿಸುವುದು ಬಿಡುವುದು ದಾರಿಯಲ್ಲಿರುವ ಪ್ರತಿ ರೂಟರಿನ ಯಜಮಾನರಿಗೆ ಸೇರಿದ್ದು. ಆದ್ದರಿಂದಲೇ ಜಾಲವನ್ನು ನಂಬಿಕೆಯ ವಲಯವೊಂದರ ಒಳಗು ಹೊರಗೆಂದು ವಿಂಗಡಿಸಿ, ಗಡಿಯಲ್ಲಿ ಹಳೆಯ ಗುರುತನ್ನು ಅಳಿಸಿ ತಮ್ಮದೇ ಗುರುತು ಹಾಕುವುದು ರೂಢಿ. ಅನೇಕ ಸೇವಾದಾರರೂ ತಮ್ಮ ಗಡಿಯಲ್ಲಿ ಇದನ್ನೇ ಮಾಡುವುದರಿಂದ, ಕಾಲೇಜಿನಲ್ಲಿ ಹಾಕಿದ ಗುರುತು ಮತ್ತೊಂದು ತುದಿಯವರೆಗೆ ಉಳಿಯುತ್ತದೆಂದು ಎಣಿಸುವಂತಿಲ್ಲ. ವಲಯದ ಒಳಗೂ ಅರ್ಥವ್ಯತ್ಯಾಸ ನುಸುಳುತ್ತದೆ. ವೈಫೈನಲ್ಲಿ ಧ್ವನಿ, ವಿಡಿಯೊ, ಸಾಮಾನ್ಯ, ಹಿನ್ನೆಲೆ ಎಂಬ ನಾಲ್ಕು ವರ್ಗಗಳಿವೆ. ಹಲವು ಉಪಕರಣಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್‌ಗಳನ್ನು ಮಾತ್ರ ಓದಿ ವರ್ಗವನ್ನು ತೀರ್ಮಾನಿಸುತ್ತವೆ. 46ರ ದ್ವಿಮಾನ ರೂಪ 101110. ಅದರ ಮೊದಲ ಮೂರು ಬಿಟ್‌ಗಳು 101, ಅಂದರೆ 5. ವೈಫೈ ಲೆಕ್ಕದಲ್ಲಿ 5 ಎಂದರೆ ವಿಡಿಯೊ. ಹೀಗೆ ಧ್ವನಿಯೆಂದು ಸರಿಯಾಗಿಯೇ ಗುರುತು ಪಡೆದ ಪ್ಯಾಕೆಟ್ ಗಾಳಿಯಲ್ಲಿ ವಿಡಿಯೊದ ಸಾಲಿಗೆ ಬೀಳುತ್ತದೆ. ಈ ಹೊಂದಾಣಿಕೆಯನ್ನು ಸರಿಪಡಿಸಲೆಂದೇ 2018ರಲ್ಲಿ ಆರ್‌ಎಫ್‌ಸಿ 8325 ಎಂಬ ಪ್ರತ್ಯೇಕ ದಾಖಲೆ ಬರಬೇಕಾಯಿತು.

ಗ್ರಂಥಪಾಲಕಿ: ಕೋರಿಕೆಯನ್ನು ನಂಬುವಂತಿಲ್ಲವೆಂದರೆ ಪ್ಯಾಕೆಟ್ಟಿನ ಒಳಗನ್ನೇ ನೋಡಿ ತೀರ್ಮಾನಿಸಬೇಕೆ?

ಜಾಲತಜ್ಞ: ಒಳಗನ್ನು ನೋಡುವುದು ಇಂದು ಬಹುಮಟ್ಟಿಗೆ ಸಾಧ್ಯವಿಲ್ಲ, ಸಾಧ್ಯವಿದ್ದರೂ ಗ್ರಂಥಾಲಯದ ಓದುಗರ ಪ್ಯಾಕೆಟ್‌ಗಳನ್ನು ಬಿಚ್ಚಿ ನೋಡುವುದು ಸಲ್ಲದ ಕೆಲಸ. ವೆಬ್ ಪುಟ, ವಿಡಿಯೊ, ಬ್ಯಾಕಪ್ ಎಲ್ಲವೂ ಗೂಢಲಿಪಿಯಲ್ಲಿ ಒಂದೇ 443ನೆಯ ಪೋರ್ಟಿನ ಮೂಲಕ ಹೋಗುತ್ತಿರುವಾಗ ಪೋರ್ಟ್ ಸಂಖ್ಯೆಯಿಂದ ಬಗೆಯನ್ನು ಊಹಿಸುವ ಹಳೆಯ ಪದ್ಧತಿ ಸೊರಗಿದೆ. ಆದರೆ ಯಂತ್ರದ ಸ್ಥಳದಿಂದ ತಿಳಿಯುವುದು ಇನ್ನೂ ಸುಲಭವಾಗಿದೆ: ಐಪಿ ಫೋನ್‌ಗಳಿಗೆ, ಬ್ಯಾಕಪ್ ಸರ್ವರಿಗೆ, ನಿಲಯಕ್ಕೆ, ಗ್ರಂಥಾಲಯಕ್ಕೆ ಬೇರೆ ಬೇರೆ ವಿಳಾಸಗಳ ಗುಂಪು ಕೊಟ್ಟರೆ, ಗುರುತು ಹಾಕಲು ಅಷ್ಟೇ ಸಾಕು. ಅದರ ಮೇಲೆ ಎಚ್‌ಟಿಬಿ ಎಂಬ ಶ್ರೇಣೀಕೃತ ಟೋಕನ್ ಬಕೆಟ್ ವಿಧಾನದಲ್ಲಿ ಸಾಲುಗಳ ಮರವನ್ನು ಕಟ್ಟಬಹುದು. ಬೇರಿಗೆ 9.5 ಮೆಗಾಬಿಟ್, ಧ್ವನಿಗೆ 1, ಗ್ರಂಥಾಲಯ ಮತ್ತು ಕಚೇರಿಗೆ ಸೇರಿ 4, ನಿಲಯಕ್ಕೆ 4, ಬ್ಯಾಕಪ್‌ಗೆ 0.5 ಖಚಿತ ಪಾಲು. ಪ್ರತಿ ಕೊಂಬೆಗೂ ಖಚಿತ ಪಾಲಿನ ಜೊತೆಗೆ ಒಂದು ಮೇಲ್ಮಿತಿ ಇರುತ್ತದೆ. ಧ್ವನಿಯದನ್ನು 1ಕ್ಕೇ ನಿಲ್ಲಿಸಿ, ಉಳಿದವುಗಳದನ್ನು 9.5ರವರೆಗೆ ಬಿಟ್ಟರೆ, ಗ್ರಂಥಾಲಯ ಮುಚ್ಚಿದ ಮೇಲೆ ಅದರ ಪಾಲು ತಾನಾಗಿ ನಿಲಯಕ್ಕೆ ಸಾಲವಾಗಿ ಹೋಗುತ್ತದೆ, ಬೆಳಿಗ್ಗೆ ಬಾಗಿಲು ತೆರೆದೊಡನೆ ಹಿಂದಕ್ಕೆ ಬರುತ್ತದೆ. ಎಚ್‌ಟಿಬಿಯಲ್ಲಿ ಆದ್ಯತೆಯ ಸಂಖ್ಯೆಗೆ ಮುಖ್ಯವಾಗಿ ಕೆಲಸವಿರುವುದು ಈ ಹೆಚ್ಚುವರಿಯನ್ನು ಹಂಚುವಾಗ. ಖಚಿತ ಪಾಲು ಎಲ್ಲರಿಗೂ ಮೊದಲೇ ಸಂದಿರುತ್ತದೆ. ಆದ್ಯತೆಯ ಸಂಖ್ಯೆ ಲಿನಕ್ಸ್‌ನಲ್ಲಿ 0ರಿಂದ 7, ಮೈಕ್ರೋಟಿಕ್‌ನಲ್ಲಿ 1ರಿಂದ 8. ಎರಡರಲ್ಲೂ ಚಿಕ್ಕ ಸಂಖ್ಯೆಗೆ ಮುಂದಿನ ಸ್ಥಾನ. ಖಚಿತ ಪಾಲುಗಳ ಮೊತ್ತ ಬೇರಿನ ಅಳತೆಯನ್ನು ಮೀರಿದರೆ ಯಾರಿಗೂ ಯಾವುದೂ ಖಚಿತವಲ್ಲ.

ಗ್ರಂಥಪಾಲಕಿ: ನಿಲಯದ ನಾಲ್ಕು ಮೆಗಾಬಿಟ್‌ನಲ್ಲಿ ಒಬ್ಬನೇ ಎಲ್ಲವನ್ನೂ ಬಾಚಿಕೊಂಡರೆ ಪಕ್ಕದ ಕೋಣೆಯವನಿಗೆ ಈ ಮರದಿಂದ ಏನು ಸಿಕ್ಕಿತು?

ಜಾಲತಜ್ಞ: ಈ ಪ್ರಶ್ನೆ ಆದ್ಯತೆಗಿಂತ ಹಳೆಯದೂ ದೊಡ್ಡದೂ ಆದದ್ದು. ಜಾನ್ ನೇಗಲ್ ಅವರು 1985ರ ಡಿಸೆಂಬರಿನ ಆರ್‌ಎಫ್‌ಸಿ 970ರಲ್ಲಿ ಒಂದು ಅಪರೂಪದ ತರ್ಕವನ್ನು ಮುಂದಿಟ್ಟರು: ಬಂದ ಕ್ರಮದಲ್ಲೇ ಕಳಿಸುವ ರೂಟರಿಗೆ ಮುಗಿಯದಷ್ಟು ಮೆಮೊರಿ ಕೊಟ್ಟರೂ, ಹೊರೆ ಮಿತಿಮೀರಿದಾಗ ಪ್ರತಿ ಪ್ಯಾಕೆಟ್ಟೂ ಸಾಲಿನಲ್ಲಿ ನಿಂತಿದ್ದಂತೆಯೇ ತನ್ನ ಆಯುಷ್ಯ ಮುಗಿಸಿಕೊಂಡು, ಕೊನೆಗೆ ಒಂದೂ ತಲುಪುವುದಿಲ್ಲ. ಅವರು ಸೂಚಿಸಿದ ಮದ್ದು, ಕಳಿಸುವ ಪ್ರತಿ ಯಂತ್ರಕ್ಕೂ ಬೇರೆ ಸಾಲು ಮಾಡಿ ಸರದಿಯಂತೆ ಒಂದೊಂದು ಪ್ಯಾಕೆಟ್ ಕಳಿಸುವುದು. ಆಗ ಹೆಚ್ಚು ಸುರಿದವರ ಸಾಲು ಉದ್ದವಾಗಿ ಅವರೇ ಕಾಯುತ್ತಾರೆ, ಸಂಯಮದಿಂದ ಇದ್ದವರಿಗೆ ತೊಂದರೆಯಿಲ್ಲ. ದೊಡ್ಡ ಪ್ಯಾಕೆಟ್ ಕಳಿಸುವವರಿಗೆ ಹೆಚ್ಚು ಸಿಗುವ ಲೋಪವನ್ನು 1989ರಲ್ಲಿ ಡೆಮರ್ಸ್, ಕೇಶವ್ ಮತ್ತು ಶೆಂಕರ್ ತಿದ್ದಿದರು. 2012ರಲ್ಲಿ ಕ್ಯಾಥಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಮಂಡಿಸಿದ ಕೋಡೆಲ್ ವಿಧಾನವು ಸಾಲಿನ ಉದ್ದವನ್ನು ಬಿಟ್ಟು ಪ್ಯಾಕೆಟ್ ನಿಂತ ಹೊತ್ತನ್ನು ಅಳೆಯುತ್ತದೆ. ಆ ಹೊತ್ತು 100 ಮಿಲಿಸೆಕೆಂಡಿನ ಅವಧಿಯುದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್ ಬಿಸಾಡಲು ತೊಡಗುತ್ತದೆ, ಅದನ್ನು ಕಂಡ ಕಳಿಸುವ ಯಂತ್ರ ವೇಗ ಇಳಿಸುತ್ತದೆ. ಸರದಿ ಮತ್ತು ಕೋಡೆಲ್ ಎರಡನ್ನೂ ಕೂಡಿಸಿದ ಎಫ್‌ಕ್ಯೂ-ಕೋಡೆಲ್ ಇಂದು ಲಿನಕ್ಸ್ ರೂಟರ್‌ಗಳಲ್ಲಿ ವ್ಯಾಪಕವಾಗಿದೆ. ಇದೇ ಬಗೆಯ ಎಫ್‌ಕ್ಯೂ-ಪೈ ಎಂಬ ವಿಧಾನವನ್ನು ಲಿನಕ್ಸ್ ತಿರುಳಿಗೆ ಅಳವಡಿಸಿದ್ದು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಅಧ್ಯಾಪಕ ಮತ್ತು ವಿದ್ಯಾರ್ಥಿಗಳ ತಂಡ, 2020ರ 5.6ನೆಯ ಆವೃತ್ತಿಯಿಂದ ಅದು ಎಲ್ಲರಿಗೂ ದೊರೆಯುತ್ತದೆ. ಮರದ ಪ್ರತಿ ಎಲೆಗೂ ಇಂಥದೊಂದು ಸಾಲನ್ನು ಕಟ್ಟಿದರೆ ಪಕ್ಕದ ಕೋಣೆಯವನ ಪಾಲು ಅವನಿಗೆ ದಕ್ಕುತ್ತದೆ. ಇಲ್ಲಿ ಗಮನಿಸತಕ್ಕ ಚೆಲುವೆಂದರೆ, ಸ್ವಲ್ಪವೇ ಕಳಿಸುವ ಧ್ವನಿಯ ಸಾಲು ಯಾವ ಗುರುತೂ ಇಲ್ಲದೆ ತಾನಾಗಿಯೇ ಮುಂದೆ ಬರುತ್ತದೆ.

ಗ್ರಂಥಪಾಲಕಿ: ಇದುವರೆಗಿನ ಮಾತೆಲ್ಲ ಹೊರಹೋಗುವ ದಿಕ್ಕಿನದು. ಜನ ಹೆಚ್ಚು ಬಳಸುವುದು ಡೌನ್‌ಲೋಡನ್ನು.

ಜಾಲತಜ್ಞ: ಒಳಬರುವ ದಿಕ್ಕಿನ ಸಾಲು ಸೇವಾದಾರರ ಉಪಕರಣದಲ್ಲಿರುತ್ತದೆ; ರೂಟರಿಗೆ ಬರುವ ಹೊತ್ತಿಗೆ ಪ್ಯಾಕೆಟ್ ಆಗಲೇ ಕಾದು ಮುಗಿಸಿರುತ್ತದೆ. ಆದರೂ ಅದೇ ಉಪಾಯ ಒರಟಾಗಿ ಇಲ್ಲಿಯೂ ನಡೆಯುತ್ತದೆ: 50 ಮೆಗಾಬಿಟ್‌ನ ಡೌನ್‌ಲೋಡನ್ನು ರೂಟರಿನಲ್ಲಿ 45ಕ್ಕೆ ಕಟ್ಟಿದರೆ, ತಡವಾದ ಅಥವಾ ಬಿಸಾಡಲ್ಪಟ್ಟ ಪ್ಯಾಕೆಟ್‌ಗಳ ಸುಳಿವಿನಿಂದ ದೂರದ ಸರ್ವರ್‌ಗಳು ತಮ್ಮ ವೇಗವನ್ನು ಇಳಿಸಿಕೊಂಡು, ಸೇವಾದಾರರ ಕಡೆಯ ಸಾಲು ಕರಗುತ್ತದೆ. ಸುಳಿವಿಗೆ ಓಗೊಡದ ಸಂಚಾರದ ಮುಂದೆ ಇದು ನಡೆಯುವುದಿಲ್ಲ. ಹೊರದಿಕ್ಕನ್ನು ಸರಿಪಡಿಸಿದಾಗಲೇ ಡೌನ್‌ಲೋಡ್ ಕೂಡ ಸುಧಾರಿಸುವುದು ಸಾಮಾನ್ಯ. ಬಂದುದು ಸೇರಿತೆಂದು ತಿಳಿಸುವ ಪುಟ್ಟ ಸ್ವೀಕೃತಿ ಪ್ಯಾಕೆಟ್‌ಗಳು ಅಪ್‌ಲೋಡಿನ ಸಾಲಿನಲ್ಲಿ ಸಿಕ್ಕಿಕೊಂಡರೆ ಕಳಿಸುವವರು ಅವುಗಳಿಗಾಗಿ ಕಾಯುತ್ತ ನಿಧಾನವಾಗಿರುತ್ತಾರೆ.

ಗ್ರಂಥಪಾಲಕಿ: ಸೇವಾದಾರರೇ ತಮ್ಮ ಕಡೆ ಆದ್ಯತೆಯ ಸಾಲು ಇಟ್ಟುಕೊಡಲಿ ಎಂದು ಕೇಳಬಹುದಲ್ಲ?

ಜಾಲತಜ್ಞ: ಕೇಳುವ ಮೊದಲು ಯಾರು ಆರಿಸುತ್ತಾರೆ ಎಂಬುದನ್ನು ಯೋಚಿಸಬೇಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರುವರಿಯಲ್ಲಿ ಮಾಹಿತಿಯ ವಿಷಯವನ್ನು ನೋಡಿ ದರ ಬದಲಿಸುವುದನ್ನು ನಿಷೇಧಿಸಿತು. 2017ರ ನವೆಂಬರಿನಲ್ಲಿ, ಯಾವುದೇ ವಿಷಯವನ್ನು ತಡೆಯುವುದು, ನಿಧಾನಗೊಳಿಸುವುದು, ಮೇಲೆತ್ತುವುದು ಸಲ್ಲದೆಂದೂ, ಸಮಂಜಸವಾದ ಸಂಚಾರ ನಿರ್ವಹಣೆಗೆ ಅವಕಾಶವಿರಬೇಕೆಂದೂ ಶಿಫಾರಸು ಮಾಡಿತು. 2018ರ ಜುಲೈನಲ್ಲಿ ಸರ್ಕಾರ ಅದನ್ನು ಒಪ್ಪಿತು. ಬಳಕೆದಾರರು ತಮ್ಮ ಬಾಗಿಲ ಒಳಗೆ ತಮ್ಮ ಪ್ಯಾಕೆಟ್‌ಗಳ ಕ್ರಮವನ್ನು ತಾವೇ ನಿಶ್ಚಯಿಸುವುದಕ್ಕೂ, ಸಾವಿರಾರು ಜನರ ಪರವಾಗಿ ಸೇವಾದಾರರು ನಿಶ್ಚಯಿಸುವುದಕ್ಕೂ ತಂತ್ರ ಒಂದೇ ಆದರೂ ಅಧಿಕಾರ ಬೇರೆ. ಕಾಲೇಜಿನ ಒಳಗೂ ನಿಲಯದ ವಿದ್ಯಾರ್ಥಿಗಳನ್ನು ಕೇಳದೆ ಅವರ ಪಾಲನ್ನು ಬರೆಯಬಾರದು.

ಗ್ರಂಥಪಾಲಕಿ: ಹಾಗಾದರೆ ಎಲ್ಲಿಂದ ಆರಂಭಿಸಬೇಕು?

ಜಾಲತಜ್ಞ: ಅಳತೆಯಿಂದ. ಸಂಪರ್ಕ ಸುಮ್ಮನಿರುವಾಗ ಹೊರಗಿನ ಸರ್ವರೊಂದಕ್ಕೆ ಪಿಂಗ್ ಕಳಿಸಿ, ಅಂದರೆ ಪುಟ್ಟ ಪ್ಯಾಕೆಟ್ ಹೋಗಿ ಬರುವ ಹೊತ್ತನ್ನು ಅಳೆದು, ಬರೆದಿಟ್ಟುಕೊಳ್ಳಬೇಕು. ಆಮೇಲೆ ದೊಡ್ಡ ಕಡತವೊಂದನ್ನು ಅಪ್‌ಲೋಡ್ ಮಾಡುತ್ತ ಮತ್ತೆ ಅಳೆಯಬೇಕು. ಎರಡರ ಅಂತರವೇ ಸಾಲಿನಲ್ಲಿ ಕಳೆದ ಹೊತ್ತು. ಅದು ನೂರಾರು ಮಿಲಿಸೆಕೆಂಡ್ ಇದ್ದರೆ, ಯಾವ ಗುರುತನ್ನೂ ಹಾಕದೆ, ಎಫ್‌ಕ್ಯೂ-ಕೋಡೆಲ್ ಸಾಲೊಂದನ್ನು ಇಟ್ಟು ವೇಗವನ್ನು 9.5ಕ್ಕೆ ಕಟ್ಟಿ ಮೂರನೆಯ ಸಲ ಅಳೆಯಬೇಕು. ಬಹಳ ಕಡೆ ಅಂತರ ಅಲ್ಲಿಗೇ ಹತ್ತಿಪ್ಪತ್ತು ಮಿಲಿಸೆಕೆಂಡಿಗೆ ಇಳಿಯುತ್ತದೆ. ಇಳಿಯದಿದ್ದರೆ ಕಟ್ಟಿದ ವೇಗ ಇನ್ನೂ ಹೆಚ್ಚಾಗಿದೆ ಎಂದರ್ಥ, ಅದನ್ನು 9ಕ್ಕೆ ತಗ್ಗಿಸಬೇಕು. ಧ್ವನಿ ಆಮೇಲೂ ಕಡಿಯುತ್ತಿದ್ದರೆ ಆಗ ಮೊದಲ ಗುರುತನ್ನು ಐಪಿ ಫೋನ್‌ಗಳ ವಿಳಾಸಗಳಿಗೆ, ಎರಡನೆಯದನ್ನು ಬ್ಯಾಕಪ್ ಸರ್ವರಿಗೆ ಹಾಕಬೇಕು.